ಬೈಕ್‌ಗೆ ನೈಟ್ರಸ್: ಡ್ರೈ, ವೆಟ್, ಪ್ರೋಗ್ರೆಸಿವ್ - ಯಾವುದು ಯಾರಿಗೆ?

ನೈಟ್ರಸ್ ಕಿಟ್ (ಇಂಜಿನ್‌ಗೆ ನೈಟ್ರಸ್ ಆಕ್ಸೈಡ್ ಗ್ಯಾಸ್ ಬಿಟ್ಟು ಸ್ವಲ್ಪ ಹೊತ್ತು ಪವರ್ ಏರಿಸುವ ಸಾಧನ) ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ ಬರುತ್ತೆ?’ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಎಚ್‌ಪಿ ತೀರ್ಮಾನ ಮಾಡುವುದು ಒಂದು ಪುಟ್ಟ ಹಿತ್ತಾಳೆಯ ಜೆಟ್, ಅಂದರೆ ಎಷ್ಟು ಹರಿಯಬೇಕೆಂದು ತನ್ನ ತೂತಿನ ಅಳತೆಯಿಂದ ತೀರ್ಮಾನಿಸುವ ತುಂಡು. ಸ್ಪ್ಯಾನರ್ ಕೈಯಲ್ಲಿದ್ದರೆ ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಮೊದಲೇ ಯೋಚಿಸಬೇಕಾದ ವಿಷಯ ಎರಡು. ನೈಟ್ರಸ್ ಜೊತೆಗೆ ಬೇಕಾಗುವ ಹೆಚ್ಚುವರಿ ಪೆಟ್ರೋಲ್ ಎಲ್ಲಿಂದ ಬರುತ್ತದೆ? ನೈಟ್ರಸ್ ಯಾವಾಗ ಶುರುವಾಗಿ ಯಾವಾಗ ನಿಲ್ಲಬೇಕು ಎಂದು ನೋಡಿಕೊಳ್ಳುವುದು ಯಾವುದು? ಮಾರುಕಟ್ಟೆಯಲ್ಲಿರುವ ಕಿಟ್‌ಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ಇಂಜಿನ್ ಉಳಿಯುವುದೂ ಹೋಗುವುದೂ ಇಲ್ಲೇ.

ಅದಕ್ಕೂ ಮೊದಲು ಕಾನೂನಿನ ಮಾತು. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಯಾವ ಕಿಟ್ ಎಂಬ ಆಯ್ಕೆಯೇ ಇದರಿಂದ ಬದಲಾಗುತ್ತದೆ.

ರಸ್ತೆಗೋ, ಡ್ರ್ಯಾಗ್ ಸ್ಟ್ರಿಪ್‌ಗೋ?

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿಯವರು ಮೂಲತಃ ನಮೂದಿಸಿದ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಅದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಒಪ್ಪಿಗೆ ಇಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್ ಬೇರೆ ಇದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ನಿಯಮ ಉಂಟು. ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಒತ್ತಡದ ಗ್ಯಾಸ್ ತುಂಬಿದ ಸಿಲಿಂಡರ್ ಅನ್ನು ಸೈಕಲ್ ಮೇಲಾಗಲಿ, ಮೋಟಾರ್ ಇರುವ ದ್ವಿಚಕ್ರ ವಾಹನದ ಮೇಲಾಗಲಿ ಸಾಗಿಸುವಂತಿಲ್ಲ. ಹೊರದೇಶದಿಂದ ಸಿಲಿಂಡರ್ ತರಿಸಲು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಅನುಮತಿ ಬೇಕು. ಅಂದರೆ ಬೆಂಗಳೂರಿನ ರಿಂಗ್ ರೋಡ್‌ನಲ್ಲಿ ಸೀಟಿನ ಹಿಂದೆ ನೀಲಿ ಬಾಟಲ್ ಕಟ್ಟಿಕೊಂಡು ಹೋಗುವುದಕ್ಕೆ ಕಾನೂನಿನಲ್ಲಿ ದಾರಿಯೇ ಇಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ನೋಡುವುದೂ ಅದನ್ನೇ.

ಹಾಗಾಗಿ ಇಲ್ಲಿರುವವರಿಗೆ ಉಳಿಯುವ ದಾರಿ ಒಂದೇ: ಡ್ರ್ಯಾಗ್ ಸ್ಟ್ರಿಪ್, ಅಂದರೆ ನೇರ ಓಟದ ರೇಸ್ ನಡೆಯುವ ಟ್ರ್ಯಾಕ್. ಶ್ರೀಪೆರಂಬುದೂರು ಹತ್ತಿರದ ಮದ್ರಾಸ್ ಟ್ರ್ಯಾಕ್‌ನಲ್ಲಿ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆಯುತ್ತದೆ. ಬೆಂಗಳೂರಿನಿಂದ ಒಂದು ಬೆಳಗಿನ ಪ್ರಯಾಣ ಅಷ್ಟೆ. ಬೈಕನ್ನು ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿ. ನೀವು ಓಡಿಸುವ ಕ್ಲಾಸ್‌ನಲ್ಲಿ ನೈಟ್ರಸ್‌ಗೆ ಒಪ್ಪಿಗೆ ಇದೆಯೇ ಎಂದು ನಿಯಮಾವಳಿ ಓದಿ, ಆಮೇಲೆ ದುಡ್ಡು ಬಿಚ್ಚಿ.

ಬ್ರಿಟನ್‌ನಲ್ಲಿರುವ ಕನ್ನಡಿಗರ ಪರಿಸ್ಥಿತಿ ಬೇರೆ. ಅಲ್ಲಿ ಬೈಕ್‌ಗೆ ಕಿಟ್ ಹಾಕುವುದೇ ಅಪರಾಧವಲ್ಲ. ಆದರೆ ಇನ್ಶೂರೆನ್ಸ್‌ನವರಿಗೆ ಹೇಳಲೇಬೇಕು. ನಶೆಗಾಗಿ ಸೇದುವ ಉದ್ದೇಶಕ್ಕೆ ನೈಟ್ರಸ್ ಇಟ್ಟುಕೊಳ್ಳುವುದು 2023ರ ನವೆಂಬರ್‌ನಿಂದ ಅಲ್ಲಿ ಅಪರಾಧ. ಆದ್ದರಿಂದ ಬಾಟಲ್ ಕೊಂಡ ರಸೀದಿ, ಕಿಟ್‌ನ ಬಿಲ್ ಕೈಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ನೈಟ್ರಸ್ ನಿಜವಾಗಿ ಮಾಡುವುದೇನು?

ನೈಟ್ರಸ್ ಉರಿಯುವ ಗ್ಯಾಸ್ ಅಲ್ಲ. ಅದು ಆಮ್ಲಜನಕ ಹೊತ್ತು ತರುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇ 23ರಷ್ಟು, ನೈಟ್ರಸ್‌ನಲ್ಲಿ ಶೇ 36. ಇಂಜಿನ್ ಸಿಲಿಂಡರ್‌ನೊಳಗೆ ಸುಮಾರು 300 ಡಿಗ್ರಿ ದಾಟಿದ ಮೇಲೆ ಅದು ಒಡೆಯುತ್ತದೆ. ಒಡೆದಾಗ ಸಿಗುವ ಆಮ್ಲಜನಕಕ್ಕೆ ತಕ್ಕಷ್ಟು ಪೆಟ್ರೋಲ್ ಕೊಟ್ಟರೆ ಪವರ್. ಕೊಡದಿದ್ದರೆ ಪಿಸ್ಟನ್‌ಗೆ ತೂತು. ಇನ್ನೊಂದು ಲಾಭವೂ ಇದೆ. ದ್ರವ ನೈಟ್ರಸ್ ಆವಿಯಾಗುವುದು ಮೈನಸ್ 88 ಡಿಗ್ರಿಯಲ್ಲಿ. ಒಳಗೆ ಹೋಗುವ ಗಾಳಿ ಇದರಿಂದ ತಣ್ಣಗಾಗಿ ಇನ್ನಷ್ಟು ಸಾಂದ್ರವಾಗುತ್ತದೆ.

ಈಗ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದಿನ ಆಯ್ಕೆಗಳೆಲ್ಲ ಇದರ ಮೇಲೆ ನಿಂತಿವೆ. ಜೆಟ್‌ನಿಂದ ನೈಟ್ರಸ್ ಬರುವುದು ಸೆಕೆಂಡಿಗೆ ಇಷ್ಟು ಅಂತ. ಇಂಜಿನ್ 4,000 ಆರ್‌ಪಿಎಂನಲ್ಲಿದ್ದರೂ ಅಷ್ಟೇ, 8,000ದಲ್ಲಿದ್ದರೂ ಅಷ್ಟೇ. ಆದರೆ 4,000ದಲ್ಲಿ ಸಿಲಿಂಡರ್ ಉಸಿರೆಳೆಯುವುದು ಅರ್ಧ ಸಲ. ಅಂದರೆ ಪ್ರತಿ ಸಲವೂ ಒಳಗೆ ಹೋಗುವ ನೈಟ್ರಸ್ ಎರಡರಷ್ಟು. ಕಡಿಮೆ ಆರ್‌ಪಿಎಂನಲ್ಲಿ ಬಟನ್ ಒತ್ತಿದವರ ಕನೆಕ್ಟಿಂಗ್ ರಾಡ್ ಬಾಗುವುದು ಇದೇ ಕಾರಣಕ್ಕೆ.

ಡ್ರೈ ಮತ್ತು ವೆಟ್

ಡ್ರೈ ಕಿಟ್‌ನಲ್ಲಿ ನೈಟ್ರಸ್ ಮಾತ್ರ ಹೊಸ ಪೈಪ್‌ನಲ್ಲಿ ಬರುತ್ತದೆ. ಹೆಚ್ಚುವರಿ ಪೆಟ್ರೋಲ್ ಕೊಡುವ ಕೆಲಸ ಬೈಕ್‌ನ ಇಂಜೆಕ್ಟರ್‌ಗಳದ್ದು. ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ) ‘ಈಗ ನೈಟ್ರಸ್ ಆನ್ ಆಗಿದೆ’ ಎಂದು ತಿಳಿಸಿ, ಬೇರೆ ಮ್ಯಾಪ್‌ಗೆ, ಅಂದರೆ ಪೆಟ್ರೋಲ್ ಕೊಡುವ ಬೇರೆ ಲೆಕ್ಕಕ್ಕೆ, ಹೋಗುವಂತೆ ಮಾಡಬೇಕು. ಪೈಪಿಂಗ್ ಕಡಿಮೆ, ನೋಡಲು ಅಚ್ಚುಕಟ್ಟು, ತೂಕವೂ ಕಡಿಮೆ. ಆದರೆ ಇಂಜೆಕ್ಟರ್‌ಗಳಿಗೆ ಅಷ್ಟು ಪೆಟ್ರೋಲ್ ಸುರಿಯುವ ತಾಕತ್ತು ಉಳಿದಿರಬೇಕು. ಟಾಪ್ ಆರ್‌ಪಿಎಂನಲ್ಲಿ ಈಗಾಗಲೇ ಹೆಚ್ಚುಕಡಿಮೆ ಪೂರ್ತಿ ತೆರೆದೇ ಇರುವ ಇಂಜೆಕ್ಟರ್ ಇನ್ನೇನು ಕೊಟ್ಟೀತು? ಕಾರ್ಬ್ಯುರೇಟರ್ ಬೈಕ್‌ಗೆ ಡ್ರೈ ಬೇಡವೇ ಬೇಡ.

ವೆಟ್ ಕಿಟ್‌ನಲ್ಲಿ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ತೆರೆಯುವ ವಾಲ್ವ್) ಎರಡು. ಒಂದು ನೈಟ್ರಸ್‌ಗೆ, ಒಂದು ಪೆಟ್ರೋಲ್‌ಗೆ. ಎರಡೂ ಒಟ್ಟಿಗೆ ತೆರೆಯುತ್ತವೆ, ಎರಡಕ್ಕೂ ಅದರದ್ದೇ ಜೆಟ್. ಬೈಕ್‌ನ ಮೂಲ ಇಂಜೆಕ್ಷನ್ ಅನ್ನು ಮುಟ್ಟುವುದೇ ಇಲ್ಲ. ಇಂಜೆಕ್ಷನ್ ಬೈಕ್‌ಗೂ ಆಗುತ್ತದೆ, ಕಾರ್ಬ್ಯುರೇಟರ್‌ಗೂ ಆಗುತ್ತದೆ. ಪೈಪ್ ಜಾಸ್ತಿ, ಜಾಯಿಂಟ್ ಜಾಸ್ತಿ, ಸೋರುವ ಜಾಗವೂ ಜಾಸ್ತಿ.

ಎರಡನ್ನೂ ಕೆಡುವ ಹೊತ್ತಿನಲ್ಲಿ ಹೋಲಿಸಿ ನೋಡಬೇಕು. ಡ್ರೈನಲ್ಲಿ ವೈರ್ ಒಂದು ಸಡಿಲವಾಗಿ ಇಸಿಯು ಮ್ಯಾಪ್ ಬದಲಾಯಿಸದೇ ಹೋದರೆ ನೈಟ್ರಸ್ ಬರುತ್ತಲೇ ಇರುತ್ತದೆ, ಪೆಟ್ರೋಲ್ ಬರುವುದಿಲ್ಲ. ಲೀನ್ ಆಗಿ (ಪೆಟ್ರೋಲ್ ಸಾಲದೆ) ಕೆಲವೇ ಸೆಕೆಂಡಿನಲ್ಲಿ ಕಥೆ ಮುಗಿಯಿತು. ವೆಟ್‌ನಲ್ಲೂ ಪೆಟ್ರೋಲ್ ಸೊಲೆನಾಯ್ಡ್ ಕೈಕೊಟ್ಟರೆ ಅದೇ ಗತಿ. ಆದರೆ ಪೆಟ್ರೋಲ್ ಲೈನ್‌ನಲ್ಲಿ ಒಂದು ಪ್ರೆಷರ್ ಸ್ವಿಚ್ ಕೂರಿಸಿದರೆ ಒತ್ತಡ ಬಿದ್ದ ಕೂಡಲೇ ನೈಟ್ರಸ್ ತಾನಾಗಿ ನಿಲ್ಲುತ್ತದೆ. ಸೊಲೆನಾಯ್ಡ್ ಕಾಯಿಲ್ ಸುಟ್ಟದ್ದನ್ನು ಅದು ಹಿಡಿಯುವುದಿಲ್ಲ, ಪಂಪ್ ಸೋತದ್ದನ್ನು ಖಂಡಿತ ಹಿಡಿಯುತ್ತದೆ. ಬಾಟಲ್ ಖಾಲಿಯಾದಾಗ ಎರಡೂ ರಿಚ್ ಆಗುತ್ತವೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಬೈಕ್ ಗೊಣಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಅಷ್ಟೆ.

ನನ್ನ ಆಯ್ಕೆ ವೆಟ್. ಒಂದು ಅಪವಾದ ಇದೆ: ಎರಡನೇ ತಲೆಮಾರಿನ ಹಯಾಬುಸಾ. 2008ರಿಂದ ಬಂದ 1,340 ಸಿಸಿ ಇಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಎರಡೆರಡು ಇಂಜೆಕ್ಟರ್ ಇವೆ. ಒಳ್ಳೆಯ ಟ್ಯೂನರ್ ಸಿಕ್ಕಿದರೆ ಅದರಲ್ಲಿ ಡ್ರೈ ಚೆನ್ನಾಗಿ ಕೆಲಸ ಮಾಡುತ್ತದೆ. ಟ್ಯೂನರ್ ಮೇಲೆ ಅನುಮಾನ ಇದ್ದರೆ ಅದಕ್ಕೂ ವೆಟ್.

ಇಲ್ಲಿ ನಮ್ಮ ಪೆಟ್ರೋಲ್ ಬಗ್ಗೆ ಒಂದು ಮಾತು. ಕಿಟ್ ಜೊತೆ ಬರುವ ಜೆಟ್ ಪಟ್ಟಿ ಸಾಮಾನ್ಯವಾಗಿ ಎಥನಾಲ್ ಇಲ್ಲದ, ಅಥವಾ ಕಡಿಮೆ ಇರುವ ಪೆಟ್ರೋಲ್‌ಗೆ ಮಾಡಿದ್ದು. ನಮ್ಮ ಬಂಕ್‌ನಲ್ಲಿ ಈಗ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ್ದು. ಶುದ್ಧ ಪೆಟ್ರೋಲ್‌ಗೆ ಗಾಳಿಯ ಅನುಪಾತ 14.7 ಇದ್ದರೆ ಇ20ಗೆ ಸುಮಾರು 13.5. ಅಂದರೆ ಅದೇ ಆಮ್ಲಜನಕಕ್ಕೆ ಶೇ 8-9ರಷ್ಟು ಜಾಸ್ತಿ ಇಂಧನ ಬೇಕು. ಪಟ್ಟಿಯಲ್ಲಿರುವ ಪೆಟ್ರೋಲ್ ಜೆಟ್ ಅನ್ನು ಕಣ್ಣುಮುಚ್ಚಿ ಹಾಕಿದರೆ ಮೊದಲ ಓಟದಿಂದಲೇ ಲೀನ್. ಪೆಟ್ರೋಲ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಡೈನೋದಲ್ಲಿ (ಇಂಜಿನ್‌ನ ಪವರ್ ಅಳೆಯುವ ಯಂತ್ರದಲ್ಲಿ) ಶುರು ಮಾಡಿ, ಅಲ್ಲಿಂದ ಇಳಿಸುತ್ತಾ ಬನ್ನಿ. ಆಕ್ಟೇನ್ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಎಕ್ಸ್‌ಪಿ100 (100 ಆಕ್ಟೇನ್‌ನ ಪೆಟ್ರೋಲ್) ಸಿಗುವ ಊರಿದ್ದರೆ ಅದನ್ನೇ ತುಂಬಿಸಿ. ಇಂಧನ ಬದಲಾದರೆ ಜೆಟ್ ಮತ್ತೆ ನೋಡಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ.

ನಾಝಲ್ ಎಲ್ಲಿ?

ಕಾರುಗಳ ವಿಡಿಯೋ ನೋಡಿ ಕಲಿತವರು ಎಡವುವುದು ಇಲ್ಲಿ. ಕಾರಿನಲ್ಲಿ ಸಾಮಾನ್ಯವಾಗಿ ಒಂದೇ ಥ್ರಾಟಲ್, ಅದರ ಮುಂದೆ ಒಂದು ನಾಝಲ್ ಇಟ್ಟರೆ ಆಯಿತು. ಈಗಿನ ಮಲ್ಟಿ ಸಿಲಿಂಡರ್ ಬೈಕ್‌ಗಳಲ್ಲಿ ಪ್ರತಿ ಸಿಲಿಂಡರ್‌ಗೂ ಅದರದ್ದೇ ಥ್ರಾಟಲ್ ಬಾಡಿ. ಏರ್‌ಬಾಕ್ಸ್ ಇರುವುದು ಅವಕ್ಕೂ ಮೊದಲು. ಏರ್‌ಬಾಕ್ಸ್‌ನೊಳಗೆ ಒಂದೇ ನಾಝಲ್ ಇಟ್ಟರೆ ಯಾವ ಸಿಲಿಂಡರ್‌ಗೆ ಎಷ್ಟು ಹೋಯಿತು ಎಂಬ ಲೆಕ್ಕ ಸಿಗುವುದಿಲ್ಲ. ಡ್ರೈ ಆಗಿದ್ದರೆ, ಶಾಟ್ (ನೈಟ್ರಸ್‌ನಿಂದ ಸಿಗುವ ಹೆಚ್ಚುವರಿ ಎಚ್‌ಪಿ) ಚಿಕ್ಕದಿದ್ದರೆ ಹೇಗೋ ನಡೆಯುತ್ತದೆ. ವೆಟ್ ಅನ್ನು ಏರ್‌ಬಾಕ್ಸ್‌ನಲ್ಲಿ ಸಿಂಪಡಿಸುವುದು ಮಾತ್ರ ಅಪಾಯ. ಥ್ರಾಟಲ್ ಪಟ್ಟನೆ ಮುಚ್ಚಿದಾಗ ಪೆಟ್ರೋಲ್ ಆವಿ ಮತ್ತು ನೈಟ್ರಸ್ ಎರಡೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಳಿಯುತ್ತವೆ. ಒಂದು ಬ್ಯಾಕ್‌ಫೈರ್ ಸಾಕು. ಆ ಡಬ್ಬಿ ಇರುವುದು ನಿಮ್ಮ ಟ್ಯಾಂಕ್ ಕೆಳಗೆ.

ಸರಿಯಾದ ಜಾಗ ಇನ್‌ಲೆಟ್ ಪೋರ್ಟ್. ಸಿಲಿಂಡರ್‌ಗೆ ಒಂದರಂತೆ ಪುಟ್ಟ ನಾಝಲ್. ಒಂದು ಹಂಚುವ ಬ್ಲಾಕ್‌ನಿಂದ ಪ್ರತಿ ನಾಝಲ್‌ಗೂ ಒಂದೇ ಉದ್ದದ ಪೈಪ್ ಹೋಗಬೇಕು. ಹತ್ತಿರದ ಸಿಲಿಂಡರ್‌ಗೆ ಗಿಡ್ಡ ಪೈಪ್, ದೂರದ್ದಕ್ಕೆ ಉದ್ದ ಪೈಪ್ ಹಾಕಿದ ಕೆಲಸ ಕಂಡರೆ ಆ ವರ್ಕ್‌ಶಾಪ್‌ನಿಂದ ಹೊರಗೆ ಬನ್ನಿ. ಹೆಡ್ ಅಥವಾ ಇನ್‌ಲೆಟ್ ರಬ್ಬರ್‌ಗೆ ಡ್ರಿಲ್ ಮಾಡಿ ಥ್ರೆಡ್ ಹಾಕುವಾಗ ಅಲ್ಯೂಮಿನಿಯಂ ಚೂರು ಒಳಗೆ ಬೀಳಬಾರದು. ಥ್ರಾಟಲ್ ಬಾಡಿ ಬಿಚ್ಚಿಟ್ಟು ಮಾಡುವ ಕೆಲಸ ಇದು. ಬಿಚ್ಚದೆ ‘ಗ್ರೀಸ್ ಹಚ್ಚಿ ಡ್ರಿಲ್ ಮಾಡ್ತೀವಿ’ ಎನ್ನುವವರಿಗೆ ಬೈಕ್ ಕೊಡಬೇಡಿ.

ನಾಲ್ಕು ಸಿಲಿಂಡರ್‌ಗೆ ವೆಟ್ ಮಾಡಿದರೆ ನೈಟ್ರಸ್‌ಗೆ ನಾಲ್ಕು, ಪೆಟ್ರೋಲ್‌ಗೆ ನಾಲ್ಕು, ಒಟ್ಟು ಎಂಟು ಪೈಪ್. ಕೆಲಸ ದುಬಾರಿ. ಆದರೆ ಪ್ರತಿ ಸಿಲಿಂಡರ್‌ನ ಪ್ಲಗ್ ತೆಗೆದು ನೋಡಿ, ಅದೊಂದಕ್ಕೇ ಜೆಟ್ ಬದಲಾಯಿಸುವ ಅನುಕೂಲ ಸಿಗುವುದು ಇದರಲ್ಲಿ ಮಾತ್ರ.

ಪ್ಲಗ್ ನೋಡುವುದನ್ನು ಕಲಿಯಿರಿ. ಪೂರ್ತಿ ಥ್ರಾಟಲ್‌ನಲ್ಲಿ ಓಟ ಮುಗಿಸಿ, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ತಳ್ಳಿಕೊಂಡು ಬನ್ನಿ. ಪ್ಲಗ್ ಬಿಚ್ಚಿ ಲೆನ್ಸ್ ಹಿಡಿದು ಬಿಳಿ ಪಿಂಗಾಣಿ ನೋಡಿ. ಅದರ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ ಕಂಡರೆ ನಾಕಿಂಗ್ (ಸಿಲಿಂಡರ್‌ನೊಳಗೆ ಮಿಶ್ರಣ ಅಡ್ಡಾದಿಡ್ಡಿ ಸಿಡಿಯುವುದು) ಶುರುವಾಗಿದೆ. ಅದರ ನಡುವೆ ಬೆಳ್ಳಿಯಂತೆ ಹೊಳೆಯುವ ಚುಕ್ಕಿ ಇದ್ದರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಅವತ್ತಿನ ಓಟ ಅಲ್ಲಿಗೇ ನಿಲ್ಲಬೇಕು. ಗ್ರೌಂಡ್ ಸ್ಟ್ರಾಪ್‌ನ (ಪ್ಲಗ್ ತುದಿಯ ಬಾಗಿದ ಲೋಹದ ಪಟ್ಟಿಯ) ತುದಿ ದುಂಡಗಾಗಿದ್ದರೆ, ನೀಲಿ ತಿರುಗಿದ್ದರೆ ಬಿಸಿ ಜಾಸ್ತಿಯಾಗಿದೆ. ಸ್ಟಾಕ್ ಪ್ಲಗ್‌ಗಿಂತ ಒಂದೆರಡು ಹಂತ ತಣ್ಣನೆಯ ಪ್ಲಗ್ ಹಾಕಿ, ಇಗ್ನಿಷನ್ ಟೈಮಿಂಗ್ ಹಿಂದೆ ಸರಿಸಿ. 50 ಎಚ್‌ಪಿಗೆ 2 ಡಿಗ್ರಿ ಎಂಬುದು ಟ್ಯೂನರ್‌ಗಳ ನಡುವೆ ಬಳಕೆಯಲ್ಲಿರುವ ಲೆಕ್ಕ. ಅದು ಆರಂಭಕ್ಕೆ. ಕೊನೆಯ ಮಾತು ಪ್ಲಗ್‌ನದ್ದೇ.

ಒಮ್ಮೆಲೇ ಅಥವಾ ಏರುತ್ತಾ?

ಸಿಂಗಲ್ ಸ್ಟೇಜ್ ಕಿಟ್‌ನಲ್ಲಿ ಬಟನ್ ಒತ್ತಿದರೆ ಪೂರ್ತಿ ಶಾಟ್ ಒಟ್ಟಿಗೆ ಬರುತ್ತದೆ. ಪ್ರೋಗ್ರೆಸಿವ್ ಕಂಟ್ರೋಲರ್ ಇದ್ದರೆ ಸೊಲೆನಾಯ್ಡ್ ಸೆಕೆಂಡಿಗೆ ಹಲವು ಸಲ ತೆರೆದು ಮುಚ್ಚುತ್ತದೆ. ಶೇ 30ರಿಂದ ಶುರುಮಾಡಿ ಎರಡು ಮೂರು ಸೆಕೆಂಡಿನಲ್ಲಿ 100ಕ್ಕೆ ಏರಿಸಬಹುದು.

ಕಾರಿನಲ್ಲಿ ಇದು ಬೇಕಿದ್ದರೆ ಇಟ್ಟುಕೊಳ್ಳುವ ಸೌಕರ್ಯ. ಬೈಕ್‌ನಲ್ಲಿ ಹಾಗಲ್ಲ. ಮೊದಲ ಎರಡು ಗೇರ್‌ನಲ್ಲಿ ಹಯಾಬುಸಾ ಮುಂದಿನ ಚಕ್ರ ಎತ್ತಲು ನೈಟ್ರಸ್ ಬೇಕಾಗಿಯೇ ಇಲ್ಲ, ಅಲ್ವಾ? ಅದರ ಮೇಲೆ ಒಮ್ಮೆಲೇ 50 ಎಚ್‌ಪಿ ಸುರಿದರೆ ಬೈಕ್ ಹಿಂದಕ್ಕೆ ಮಗುಚುತ್ತದೆ, ಇಲ್ಲವೇ ಹಿಂದಿನ ಟೈರ್ ಜಾರುತ್ತದೆ. ಕ್ಲಚ್ ಪ್ಲೇಟ್ ಜಾರುವುದು ಇದ್ದೇ ಇದೆ. ಹಾಗಾಗಿ 30 ಎಚ್‌ಪಿ ಒಳಗಿನ ಶಾಟ್, ಮೂರನೇ ಗೇರ್‌ನ ಮೇಲೆ ಮಾತ್ರ ಬಳಕೆ ಎಂದಾದರೆ ಸಿಂಗಲ್ ಸ್ಟೇಜ್ ಸಾಕು. ಅದಕ್ಕಿಂತ ಜಾಸ್ತಿ ಎಂದಾದರೆ ಪ್ರೋಗ್ರೆಸಿವ್ ಬೇಕೇ ಬೇಕು. ಸೊಲೆನಾಯ್ಡ್ ಹೀಗೆ ಪದೇಪದೇ ತೆರೆದು ಮುಚ್ಚುವುದಕ್ಕೆ ಮಾಡಿದ್ದೇ ಎಂದು ಕೇಳಿ ತಿಳಿದುಕೊಳ್ಳಿ. ಎಲ್ಲ ಸೊಲೆನಾಯ್ಡೂ ಅದಕ್ಕೆ ಆಗುವುದಿಲ್ಲ.

ಯಾವುದನ್ನು ಆರಿಸಿದರೂ ನಾಲ್ಕು ಕಾವಲು ಬಿಡುವಂತಿಲ್ಲ. ಒಂದು ಮುಖ್ಯ ಆರ್ಮಿಂಗ್ ಸ್ವಿಚ್. ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ ಸಂಪರ್ಕ ಕೊಡುವ ಸ್ವಿಚ್. ನಿಗದಿತ ಆರ್‌ಪಿಎಂ ಮಿತಿಯೊಳಗೆ ಮಾತ್ರ ನೈಟ್ರಸ್ ಬಿಡುವ ವಿಂಡೋ ಸ್ವಿಚ್. ಗೇರ್ ಬದಲಾಯಿಸುವ ಕ್ಷಣದಲ್ಲಿ ನೈಟ್ರಸ್ ನಿಲ್ಲಿಸುವ ವ್ಯವಸ್ಥೆ. ವಿಂಡೋ ಸ್ವಿಚ್‌ನ ಮೇಲಿನ ಮಿತಿ ರೆವ್ ಲಿಮಿಟರ್‌ಗಿಂತ (ಆರ್‌ಪಿಎಂ ಮಿತಿಮೀರದಂತೆ ತಡೆಯುವ ವ್ಯವಸ್ಥೆಗಿಂತ) ಕೆಳಗಿರಬೇಕು. ಲಿಮಿಟರ್ ಪೆಟ್ರೋಲ್ ಕಟ್ ಮಾಡುವ ಬೈಕ್‌ನಲ್ಲಿ ನೈಟ್ರಸ್ ಬರುತ್ತಲೇ ಇದ್ದರೆ ಏನಾಗುತ್ತದೆ ಎಂದು ಮತ್ತೆ ಹೇಳಬೇಕಿಲ್ಲ. ಕ್ಲಚ್ ಹಿಡಿಯದೆ ಗೇರ್ ಬದಲಾಯಿಸುವ ಕ್ವಿಕ್‌ಶಿಫ್ಟರ್ ಇದ್ದರೂ ಇದೇ ಮಾತು.

ನಿಮ್ಮ ಬೈಕ್ ಯಾವುದು?

ಹಯಾಬುಸಾದಂಥ ದೊಡ್ಡ ನಾಲ್ಕು ಸಿಲಿಂಡರ್ ಬೈಕ್ ಇದಕ್ಕೆ ಹೇಳಿ ಮಾಡಿಸಿದ್ದು. ಮೂಲ ಇಂಜಿನ್ ಬಿಚ್ಚದೆ 40 ಎಚ್‌ಪಿ ಶಾಟ್‌ನಿಂದ ಶುರು ಮಾಡಬಹುದು, ಸಿಲಿಂಡರ್‌ಗೆ ಹತ್ತು ಮಾತ್ರ. ಚೈನ್, ಕ್ಲಚ್ ಸ್ಪ್ರಿಂಗ್ ಮೊದಲು ಗಟ್ಟಿ ಮಾಡಿಸಿ.

ರಾಯಲ್ ಎನ್‌ಫೀಲ್ಡ್ 650 ಟ್ವಿನ್ ಬಗ್ಗೆ ತುಂಬಾ ಜನ ಕೇಳುತ್ತಾರೆ. 648 ಸಿಸಿ, 47 ಎಚ್‌ಪಿ, ಕಂಪ್ರೆಷನ್ 9.5. ಕಂಪ್ರೆಷನ್ ಕಡಿಮೆ ಇರುವುದು ನೈಟ್ರಸ್‌ಗೆ ಒಳ್ಳೆಯ ಗುಣ. ಆದರೆ ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ ಇಂಜಿನ್. ಸಾಲಿನಲ್ಲಿ ಕಾದು ನಿಂತಷ್ಟೂ ಹೆಡ್ ಬಿಸಿಯೇರುತ್ತದೆ. 12ರಿಂದ 15 ಎಚ್‌ಪಿ ಪೋರ್ಟ್ ವೆಟ್ ಶಾಟ್, ಓಟಗಳ ನಡುವೆ ಸಾಕಷ್ಟು ವಿರಾಮ. ಅದಕ್ಕಿಂತ ಮೇಲೆ ಹೋಗಬೇಡಿ. ಈ ಬೈಕ್ ಪ್ರೀತಿಸುವವರಿಗೆ ಬಿಗ್ ಬೋರ್ ಕಿಟ್ (ಸಿಲಿಂಡರ್ ದೊಡ್ಡದು ಮಾಡಿ ಸಿಸಿ ಏರಿಸುವ ಕಿಟ್) ಹೆಚ್ಚು ಖುಷಿ ಕೊಡುತ್ತದೆ ಎಂಬುದು ನನ್ನ ಅನಿಸಿಕೆ. ಅದು ಬಾಟಲ್ ಖಾಲಿಯಾದ ಮೇಲೂ ಇರುತ್ತದೆ.

ಕೆಟಿಎಂ 390, ಡೊಮಿನಾರ್‌ನಂಥ ಸಿಂಗಲ್‌ಗಳಿಗೆ ನೈಟ್ರಸ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಾಝಲ್ ಒಂದೇ ಸಮನೆ ಸಿಂಪಡಿಸುತ್ತದೆ. ಆದರೆ ಸಿಲಿಂಡರ್ ಉಸಿರೆಳೆಯುವುದು ನಾಲ್ಕು ಸ್ಟ್ರೋಕ್‌ಗೆ ಒಂದು ಸಲ. ಉಳಿದ ಹೊತ್ತಿನಲ್ಲಿ ಬಂದದ್ದು ಪೋರ್ಟ್‌ನಲ್ಲಿ, ಏರ್‌ಬಾಕ್ಸ್‌ನಲ್ಲಿ ತುಂಬುತ್ತದೆ. ಜೊತೆಗೆ ಸೊಲೆನಾಯ್ಡ್‌ಗಳು ಎಳೆಯುವ ಕರೆಂಟ್ ಚಿಕ್ಕ ಬ್ಯಾಟರಿಗೆ ಭಾರ. ಆರ್‌ಎಕ್ಸ್100 ಅಂತೂ ಮುಟ್ಟಲೇಬೇಡಿ. ಟೂ ಸ್ಟ್ರೋಕ್‌ನಲ್ಲಿ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಹೋಗುತ್ತದೆ, ಬೇರಿಂಗ್‌ಗೆ ಎಣ್ಣೆ ಸಿಗುವುದೂ ಅದರಿಂದಲೇ. ಪೋರ್ಟಿಂಗ್, ಎಕ್ಸ್‌ಪಾನ್ಷನ್ ಚೇಂಬರ್‌ನಲ್ಲಿ ಆ ಇಂಜಿನ್ ಕೊಡುವ ಖುಷಿಯೇ ಬೇರೆ.

ಮೊದಲ ಕೆಲವು ಮೀಟರ್‌ಗಳ ಎಳೆತ ಸಾಕು ಎನ್ನುವವರು ಹಿಂದಿನ ಸ್ಪ್ರಾಕೆಟ್‌ಗೆ ಎರಡು ಹಲ್ಲು ಜಾಸ್ತಿ ಮಾಡಿ ನೋಡಿ. ಖರ್ಚು ಬಹಳ ಕಡಿಮೆ. ಟರ್ಬೊ ಬೇರೆಯೇ ಲೋಕ: ಬಾಟಲ್ ತುಂಬಿಸುವ ಗೋಳಿಲ್ಲ, ಆದರೆ ಖರ್ಚು, ಬಿಸಿ, ಕೆಲಸ ಎಲ್ಲವೂ ಹಲವು ಪಟ್ಟು.

ಬಾಟಲ್ ಮತ್ತು ನಮ್ಮ ಬಿಸಿಲು

ಬಾಟಲ್‌ನ ಒತ್ತಡ ತಾಪಮಾನದ ಮೇಲೆ ನಿಂತಿದೆ. 20 ಡಿಗ್ರಿಯಲ್ಲಿ ಸುಮಾರು 730 ಪಿಎಸ್‌ಐ, 30 ಡಿಗ್ರಿಯಲ್ಲಿ 900ರ ಆಸುಪಾಸು. ಹೆಚ್ಚಿನ ಕಿಟ್‌ಗಳ ಜೆಟ್ ಲೆಕ್ಕ 900ರಿಂದ 950ಕ್ಕೆ ಮಾಡಿದ್ದು. ಅಂದರೆ ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಹೀಟರ್ ಇಲ್ಲದೆಯೇ ಸರಿಹೋಗುತ್ತದೆ. ಚಿಕ್ಕಮಗಳೂರಿನ ಚಳಿಯ ಬೆಳಿಗ್ಗೆ ಒತ್ತಡ ಸಾಲದು, ಬೈಕ್ ರಿಚ್ ಆಗುತ್ತದೆ. ತಲೆಕೆಡಿಸಿಕೊಳ್ಳಬೇಕಾದದ್ದು ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ. 36.4 ಡಿಗ್ರಿ ದಾಟಿದರೆ ನೈಟ್ರಸ್‌ನಲ್ಲಿ ದ್ರವ ಮತ್ತು ಆವಿ ಎಂಬ ಭೇದವೇ ಉಳಿಯುವುದಿಲ್ಲ. ಒತ್ತಡ 1,050 ಪಿಎಸ್‌ಐ ಮೀರಿ ಏರುತ್ತಲೇ ಹೋಗುತ್ತದೆ. ಪೆಟ್ರೋಲ್ ಒತ್ತಡ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಬೆಳಿಗ್ಗೆ ಸೆಟ್ ಮಾಡಿದ ಜೆಟ್ ಲೆಕ್ಕ ಯಾವುದೂ ನಂಬುವ ಹಾಗಿಲ್ಲ. ಬಾಟಲ್ ನೆರಳಲ್ಲಿಡಿ, ಒದ್ದೆ ಬಟ್ಟೆ ಸುತ್ತಿ, ಗೇಜ್ ನೋಡದೆ ಓಡಬೇಡಿ. ಚಳಿಯಲ್ಲಿ ಬೆಚ್ಚಗೆ ಮಾಡಲು ಥರ್ಮೋಸ್ಟಾಟ್ ಇರುವ ಹೀಟರ್ ಬೆಲ್ಟ್ ಮಾತ್ರ. ಬೆಂಕಿಯ ಜ್ವಾಲೆ ಹಿಡಿದು ಬಾಟಲ್ ಸಿಡಿದ ಘಟನೆಗಳು ಹೊರದೇಶಗಳಲ್ಲಿ ನಡೆದಿವೆ.

ಸೈಜ್ ಎಷ್ಟು ಬೇಕು? 100 ಎಚ್‌ಪಿ ಶಾಟ್‌ಗೆ 10 ಸೆಕೆಂಡಿಗೆ ಸುಮಾರು 450 ಗ್ರಾಂ. 40 ಎಚ್‌ಪಿಗೆ 180 ಗ್ರಾಂ. ಒಂದು ಕೆಜಿ ಬಾಟಲ್‌ನಲ್ಲಿ ಕಾಗದದ ಲೆಕ್ಕಕ್ಕೆ ಐದು ಓಟ. ಕೊನೆಯ ಒಂದೆರಡರಲ್ಲಿ ಒತ್ತಡ ಬೀಳುವುದರಿಂದ ಮೂರು ನಾಲ್ಕು ಎಂದು ಇಟ್ಟುಕೊಳ್ಳಿ. ತುಂಬಿಸುವುದು ಯಾವಾಗಲೂ ತೂಕ ನೋಡಿ, ಗೇಜ್ ನೋಡಿ ಅಲ್ಲ. ಒಳಗಿನ ಪಿಕಪ್ ಪೈಪ್‌ನ ಬಾಯಿ ಬಾಟಲ್‌ನ ಹಿಂದಿನ ತಳಕ್ಕೆ ಬರುವಂತೆ ಕೂರಿಸಿ, ಏಕೆಂದರೆ ಬೈಕ್ ನುಗ್ಗಿದಾಗ ದ್ರವ ಹಿಂದಕ್ಕೇ ಹೋಗುತ್ತದೆ. ಒತ್ತಡ ಮಿತಿಮೀರಿದರೆ ಒಡೆಯುವ ಸೇಫ್ಟಿ ಡಿಸ್ಕ್‌ನ ಬಾಯಿ ಸವಾರನ ಕಡೆ ಇರಬಾರದು. ಓಟ ಇಲ್ಲದಾಗ ಬಾಟಲ್ ವಾಲ್ವ್ ಮುಚ್ಚಿ, ಲೈನ್ ಖಾಲಿ ಮಾಡಿ. ಸೊಲೆನಾಯ್ಡ್ ಸೋರಿ ಇನ್‌ಲೆಟ್ ತುಂಬಿದ್ದಾಗ ಸ್ಟಾರ್ಟರ್ ಒತ್ತಿದರೆ ಇಂಜಿನ್ ಅಲ್ಲೇ ಸಿಡಿಯಬಹುದು.

ಸೆಕೆಂಡ್ ಹ್ಯಾಂಡ್ ಕಿಟ್ ಸಿಕ್ಕಿದರೆ

ಎನ್‌ಒಎಸ್, ನೈಟ್ರಸ್ ಎಕ್ಸ್‌ಪ್ರೆಸ್, ವಿಝರ್ಡ್ಸ್ ಆಫ್ ನಾಸ್ ಯಾವುದೇ ಇರಲಿ, ಹೆಸರು ನೋಡಿ ಕೊಳ್ಳಬೇಡಿ. ಬಾಟಲ್ ಕುತ್ತಿಗೆಯ ಮೇಲೆ ಕೊರೆದ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಬಾಟಲ್‌ನ ಗಟ್ಟಿತನ ನೋಡುವ ಪರೀಕ್ಷೆ) ದಿನಾಂಕ ಓದಿ. ಐದು ವರ್ಷ ದಾಟಿದ್ದರೆ, ಅಥವಾ ಪೆಸೊ ಒಪ್ಪಿಗೆಯ ಕಾಗದ ಇಲ್ಲದಿದ್ದರೆ ಬಾಟಲ್ ಬಿಟ್ಟು ಉಳಿದದ್ದಕ್ಕೆ ಮಾತ್ರ ಬೆಲೆ ಕಟ್ಟಿ. ಸೊಲೆನಾಯ್ಡ್ ಬಿಚ್ಚಿ ಒಳಗಿನ ಸೀಲ್ ನೋಡಿ. ಊದಿಕೊಂಡಿದ್ದರೆ, ನಡುವೆ ಉಂಗುರದಂತೆ ಗುಳಿ ಬಿದ್ದಿದ್ದರೆ ಹೊಸ ಸೀಲ್ ಕಿಟ್ ಸಿಗುವವರೆಗೆ ಅದನ್ನು ಬೈಕ್‌ಗೆ ಹಾಕಬೇಡಿ. ಪ್ರತಿ ಜೆಟ್ ಮೇಲಿನ ನಂಬರ್ ಇಂಚಿನ ಸಾವಿರದ ಲೆಕ್ಕದಲ್ಲಿ ತೂತಿನ ಅಳತೆ ಹೇಳುತ್ತದೆ. 14 ಎಂದರೆ 0.014 ಇಂಚು. ಪಿನ್ ಗೇಜ್ ಹಾಕಿ ಅಳೆದು ನೋಡಿ. ಯಾರೋ ಕೈಯಲ್ಲಿ ದೊಡ್ಡದು ಮಾಡಿಕೊಂಡ ಜೆಟ್ ಒಂದೇ ಒಂದು ಸಿಕ್ಕಿದರೂ ಇಡೀ ಸೆಟ್ ಬದಿಗಿಟ್ಟು ಹೊಸದು ತರಿಸಿ.